ಹೊಗೆಗೂಡಿನ ಬುಡದ ಗಾರೆ

ಯಳಂದೂರಿನ ಚಿಕ್ಕಮಾದಪ್ಪ ಸುತ್ತಲ ಹತ್ತೂರಿನ ಮನೆಗಳನ್ನು ಬಲ್ಲವನು. ಆದರೆ ಮೇಲಿನಿಂದ ಮಾತ್ರ. ಯಾರ ಮನೆಯ ತೊಲೆ ಬಾಗಿದೆ, ಯಾರ ಹೆಂಚಿನ ಸಂದಿಯಲ್ಲಿ ಬೆಕ್ಕು ಮರಿ ಹಾಕಿದೆ, ಯಾರು ಮುಂದಿನ ಸೂರಿಗೆ ಮಂಗಳೂರು ಹೆಂಚು ಹೊದಿಸಿ ಹಿಂದುಗಡೆ ಹಳೇ ನಾಡಹೆಂಚನ್ನೇ ಬಿಟ್ಟು ಜಂಬ ಕೊಚ್ಚಿಕೊಳ್ಳುತ್ತಿದ್ದಾರೆ, ಇವೆಲ್ಲ ಅವನಿಗೆ ಬಾಯಿಪಾಠ. ಒಳಗಿನದು ಕೇಳಿದರೆ ಗೊತ್ತಿಲ್ಲ. ಹೆಂಚು ಕೈಯಾಡಿಸುವವನನ್ನು ದೊಡ್ಡ ಮನೆಯವರು ಅಡುಗೆಮನೆಗೆ ಬಿಟ್ಟುಕೊಳ್ಳುವುದುಂಟೆ? ಹಿತ್ತಿಲಿನಿಂದ ಏಣಿ, ಏಣಿಯಿಂದ ಛಾವಣಿ, ಛಾವಣಿಯಿಂದ ಮತ್ತೆ ಹಿತ್ತಿಲು. ಮೂವತ್ತು ವರ್ಷ ಅವನು ಓಡಾಡಿದ ದಾರಿ ಅಷ್ಟೇ.

ಹೀಗಾಗಿ ಒಳಗೆ ಕಾಲಿಡದೆಯೇ ಸೋರುವ ಜಾಗ ಹಿಡಿಯುವುದನ್ನು ಅವನು ಕಲಿತಿದ್ದ. ಬಿಸಿಲು ಕಾಯುವ ದಿನ ನೋಡಿಕೊಂಡು ಮೇಲೆ ಹತ್ತಿ, ಒಂದು ಬಿಂದಿಗೆ ನೀರು ಏರಿಸಿಕೊಂಡು, ಮನೆಯ ಹೆಂಗಸರೊಬ್ಬರನ್ನು ಒಳಗೆ ತಲೆಯೆತ್ತಿಕೊಂಡು ನಿಲ್ಲುವಂತೆ ಹೇಳುತ್ತಿದ್ದ. ಮೊದಲು ಸೂರಿನ ಅಂಚಿಗೆ ಒಂದು ಚೆಂಬು ನೀರು. "ಬಿತ್ತಾ ಅವ್ವಾರೇ?" ಎಂದು ಕೇಳುವುದು. "ಇಲ್ಲ ಕಣಪ್ಪ" ಎಂದು ಒಳಗಿನಿಂದ ಬಂದರೆ ಒಂದು ಸಾಲು ಮೇಲಕ್ಕೆ ಹೋಗಿ ಇನ್ನೊಂದು ಚೆಂಬು. ಆತುರಗಾರರು ಮೇಲಿನಿಂದಲೇ ಬಿಂದಿಗೆ ಕವುಚುತ್ತಾರೆ. ಆಗ ಇದ್ದಬದ್ದ ಬಿರುಕಿನಲ್ಲೆಲ್ಲ ನೀರು ಇಳಿದು ಕಳ್ಳ ಯಾರೆಂದು ತಿಳಿಯುವುದೇ ಇಲ್ಲ. ಚಿಕ್ಕಮಾದಪ್ಪ ಆತುರಗಾರನಲ್ಲ. ಅವನಿಗೆ ಇದ್ದದ್ದು ಬೇರೆ ಚಟ, ತನ್ನ ಗಾರೆಯ ಮೇಲಿನ ಹೆಮ್ಮೆ. ಸುಣ್ಣ, ಮರಳು, ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹಾಕಿ ಅವನು ಅರೆಸಿದ ಗಾರೆ ಒಮ್ಮೆ ಕುಂತರೆ ಕಲ್ಲು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೆಲ್ಲದ ನೀರಿನ ಹದ ಅವನದಲ್ಲ, ಅವನ ಹೆಂಡತಿಯದು.

ಹೆಂಡತಿ ದೊಡ್ಡಮಾದಮ್ಮ. ಕೊಳ್ಳೇಗಾಲ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿತೆಂದು ಜನ ಮಾತಾಡಿಕೊಳ್ಳುತ್ತಿದ್ದ ಐವತ್ತಾರರ ಹೊತ್ತಿಗೆ ಅವಳ ಹೆಸರು ಗಂಡನ ಹೆಸರಿಗಿಂತ ದೂರ ಹೋಗಿತ್ತು. ರೇಷ್ಮೆ ಹುಳು ಸಾಕುವ ಮನೆಗಳಿಗೆಲ್ಲ ಅವಳು ಬೇಕು. ಮೊಟ್ಟೆಯೊಡೆದ ಹುಳು ಸಾಸಿವೆಗಿಂತ ಸಣ್ಣಗೆ, ಕಪ್ಪಗೆ, ಹಾಳೆಯ ಮೇಲೆ ಮಿಜಿಗುಡುತ್ತಿರುತ್ತವೆ. ಅವನ್ನು ಗರಿಯಿಂದ ನವಿರಾಗಿ ಗುಡಿಸಿ ಎಳೇ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿಡುವುದಕ್ಕೆ ಚಾಕಿ ಕಟ್ಟುವುದು ಎನ್ನುತ್ತಾರೆ. ಅದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಯಾರಿಂದಲೋ ಮಾಡಿಸುವುದಿಲ್ಲ, ಕೈಗುಣ ಇರುವವರಿಂದಲೇ ಮಾಡಿಸುತ್ತಾರೆ. ದೊಡ್ಡಮಾದಮ್ಮ ಚಾಕಿ ಕಟ್ಟಿದ ಹುಳು ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಾಲ್ಕು ನಿದ್ದೆ ದಾಟಿ, ಹಣ್ಣಾಗಿ, ಗಟ್ಟಿ ಗೂಡು ಕಟ್ಟದೆ ಇರುವುದಿಲ್ಲ ಎಂಬ ನಂಬಿಕೆ ಮಾಂಬಳ್ಳಿಯಿಂದ ಅಗರದವರೆಗೆ ಇತ್ತು. ಗಂಡನನ್ನು ಹಿತ್ತಿಲಿನಲ್ಲೇ ನಿಲ್ಲಿಸುವ ಮನೆಗಳು, ಬಾವಿಯ ಹತ್ತಿರ ಸ್ನಾನ ಮಾಡಿ ಬಂದ ಅವಳನ್ನು ಹಿಂದಿನ ಬಾಗಿಲಿನಿಂದ ಹುಳುಮನೆಗೆ ಬಿಟ್ಟುಕೊಳ್ಳುತ್ತಿದ್ದವು. ಮನೆಗೆ ಬಂದು ಅವಳು ನಗುತ್ತಿದ್ದಳು: "ನೀನು ಮ್ಯಾಲೆ, ನಾನು ಒಳ್ಗೆ. ಇಬ್ರೂ ಸೇರುದ್ರೆ ಒಂದ್ ಮನೆ ಪೂರ್ತಿ ನೋಡ್ದಂಗಾಯ್ತು."

ಅರವತ್ತೊಂದರ ಬೇಸಗೆಯಲ್ಲಿ ಅಗರದ ಕೆಂಪನಂಜಪ್ಪನವರು ಅಡುಗೆಮನೆಗೆ ಇಟ್ಟಿಗೆಯ ಹೊಗೆಗೂಡು ಕಟ್ಟಿಸಿದರು. ಗದ್ದೆ, ಸೊಪ್ಪಿನ ತೋಟ, ಹುಳುಮನೆ ಎಲ್ಲ ಇದ್ದ ಮನೆ ಅದು. ಅಲ್ಲಿಯವರೆಗೆ ಒಲೆಯ ಹೊಗೆ ಹೆಂಚಿನ ಸಂದಿಯಲ್ಲಿ ತೋಚಿದ ಕಡೆ ಹೋಗುತ್ತಿತ್ತು, ಹೋಗದಿದ್ದರೆ ಅವರ ಹೆಂಡತಿ ಪುಟ್ಟಮಲ್ಲಮ್ಮನವರ ಕಣ್ಣಿಗೆ ಹೋಗುತ್ತಿತ್ತು. ಹೊಗೆಗೂಡು ಕಟ್ಟಿದವನು ಕೊಳ್ಳೇಗಾಲದ ಗಾರೆಯವನು. ಸುತ್ತ ಹೆಂಚು ಹೊದಿಸಿ ಸಂದಿ ಮುಚ್ಚುವ ಕೆಲಸ ಚಿಕ್ಕಮಾದಪ್ಪನಿಗೆ ಬಂತು.

ಹೊಗೆಗೂಡು ಹೆಂಚನ್ನು ಸೀಳಿಕೊಂಡು ಮೇಲೆ ಬರುವ ಜಾಗ ಯಾವತ್ತೂ ಕಷ್ಟದ್ದು. ಇಳಿಜಾರಿನಲ್ಲಿ ಹರಿದು ಬಂದ ಮಳೆನೀರು ಇಟ್ಟಿಗೆಯ ಬೆನ್ನಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಆ ಬೆನ್ನಿನ ಕಡೆ ತಗಡು ಬಗ್ಗಿಸಿ, ಒಂದು ಅಂಚನ್ನು ಮೇಲಿನ ಸಾಲಿನ ಹೆಂಚಿನಡಿಗೆ ತಳ್ಳಿ, ಇನ್ನೊಂದನ್ನು ಇಟ್ಟಿಗೆಯ ಮೈಗೆ ಏರಿಸಿ ಕೂರಿಸಬೇಕು. ಇದು ಚಿಕ್ಕಮಾದಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ.

"ತಗಡು ಬೇಕೇನ್ಲಾ ಮಾದಪ್ಪ? ಬೇಕಂದ್ರೆ ಕೊಳ್ಳೇಗಾಲದಿಂದ ತರುಸ್ತೀನಿ," ಎಂದು ಕೆಂಪನಂಜಪ್ಪನವರು ಕೆಳಗಿನಿಂದ ಕೇಳಿದ್ದರು.

"ತಗಡು ಯಾಕೆ ಬುದ್ಧಿ. ನನ್ ಗಾರೆ ಕುಂತ್ರೆ ಕಲ್ಲು. ನಾ ಸತ್ರೂ ಅದು ಅಲ್ಲಾಡಾಕಿಲ್ಲ," ಎಂದು ಇವನು ಮೇಲಿನಿಂದ ಹೇಳಿದ್ದ.

ಗಾರೆ ಹಾಕಿ, ನಯ ಮಾಡಿ, ಎಂಟು ದಿನ ನೀರುಣಿಸಿ, ಒಂಬತ್ತನೆಯ ದಿನ ಚೆಂಬಿನ ಪರೀಕ್ಷೆಯನ್ನೂ ಮಾಡಿದ. ಪುಟ್ಟಮಲ್ಲಮ್ಮನವರು ಅಡುಗೆಮನೆಯಲ್ಲಿ ನಿಂತು, "ಒಂದ್ ತೊಟ್ಟೂ ಇಲ್ಲ ಕಣಪ್ಪ," ಎಂದರು. ಅವನು ಮೀಸೆ ತೀಡಿಕೊಂಡು ಇಳಿದ.

ಆ ವರ್ಷ ಹಿಂಗಾರು ಬಿಡದೆ ಹಿಡಿಯಿತು. ಕೆಂಪನಂಜಪ್ಪನವರ ಹುಳುಮನೆ ಅಡುಗೆಮನೆಯ ಗೋಡೆಗೆ ಒತ್ತಿಕೊಂಡೇ ಇತ್ತು, ಮೇಲೆ ಬಿದಿರು ಹಾಸಿ ಮಣ್ಣು ಮೆತ್ತಿದ ಅಟ್ಟ. ದೊಡ್ಡಮಾದಮ್ಮ ಹೋಗಿ ಚಾಕಿ ಕಟ್ಟಿ ಬಂದಳು. ಮೂರು ಜ್ವರ ಚೆನ್ನಾಗಿಯೇ ಎದ್ದ ಹುಳು ನಾಲ್ಕನೆಯದಾದ ಮೇಲೆ ಸೊಪ್ಪು ತಿನ್ನುವುದು ಬಿಟ್ಟವು. ಆಮೇಲೆ ತಟ್ಟೆ ತಟ್ಟೆಯಲ್ಲೂ ಮರಗಟ್ಟಿಕೊಂಡು, ಸುಣ್ಣದ ಕಡ್ಡಿಯಂತೆ ಬೆಳ್ಳಗಾಗಿ ಮಲಗಿದವು. ಸುಣ್ಣಕಟ್ಟು ರೋಗ. ಇಡೀ ಬೆಳೆಯನ್ನು ಹೊಲದಾಚೆ ಹಳ್ಳ ತೋಡಿ ಹೂತರು.

ಯಾರೂ ಬೈಯಲಿಲ್ಲ. ಬೈದಿದ್ದರೆ ದೊಡ್ಡಮಾದಮ್ಮನೂ ನಾಲ್ಕು ಮಾತು ತಿರುಗಿ ಆಡುತ್ತಿದ್ದಳೋ ಏನೋ, ಬಾಯಿ ಇಲ್ಲದವಳೇನಲ್ಲ. ಪುಟ್ಟಮಲ್ಲಮ್ಮನವರು ಹಿಂದಿನ ಬಾಗಿಲಿನಲ್ಲಿ ನಿಂತು ಮೆತ್ತಗೆ ಹೇಳಿದರು: "ಬೇಜಾರ್ ಮಾಡ್ಕಬ್ಯಾಡ ಕಣಮ್ಮ. ಇನ್ಮ್ಯಾಲೆ ಬರೋದು ಬ್ಯಾಡ." ಆ ಮೆತ್ತನೆಯ ಮಾತು ಒಂದು ವಾರದಲ್ಲಿ ಸಂತೆಮರಹಳ್ಳಿ ಸಂತೆ ದಾಟಿತು. ದೊಡ್ಡಮಾದಮ್ಮನ ಕೈಗುಣ ಕೆಟ್ಟಿತಂತೆ. ಕೆಂಪನಂಜಪ್ಪನವರು ಚಿಕ್ಕಮಾದಪ್ಪನಿಂದಲೇ ಒಂದು ಗೂಡೆ ಸುಣ್ಣ ತರಿಸಿ ಹುಳುಮನೆಗೆ ಬಳಿಸಿದರು, ಬಾಗಿಲಿಗೆ ಬೀಗ ಹಾಕಿದರು. ಮುಂದಿನ ಬೆಳೆಗೆ ಹಿತ್ತಿಲಿನಲ್ಲಿ ಬೇರೆ ಕೊಟ್ಟಿಗೆ ಎಬ್ಬಿಸಿದರು. ಹಳೇ ಹುಳುಮನೆ ಹೊಟ್ಟು, ಸೌದೆ, ಮುರಿದ ನೇಗಿಲು ಹಾಕುವ ಕೋಣೆಯಾಯಿತು.

ದೊಡ್ಡಮಾದಮ್ಮ ಎರಡು ದಿನ ಅತ್ತಳು. ಮೂರನೆಯ ದಿನದಿಂದ ಅವಳೇ ನಂಬಿಬಿಟ್ಟಳು. ಹಾಲಿಗೆ ಹೆಪ್ಪು ಹಾಕಲು ಪಕ್ಕದ ಮನೆಯ ಗುರುಬಸಮ್ಮನನ್ನು ಕರೆಯತೊಡಗಿದಳು. ಉಪ್ಪಿನಕಾಯಿ ಹಾಕುವುದು ಬಿಟ್ಟಳು. ಹಿತ್ತಿಲಿನಲ್ಲಿ ಅವರೆ ಬೀಜ ಊರುವುದಿದ್ದರೂ ಗಂಡನೇ ಊರಬೇಕು. ಮಿಕ್ಕ ಕೆಲಸವೆಲ್ಲ ಮಾಡುತ್ತಿದ್ದಳು. ಮುದ್ದೆ ತೊಳಸುವಳು, ಕಸ ಗುಡಿಸುವಳು, ಕೂಲಿಗೆ ಹೋಗಿ ಬತ್ತದ ಹೊರೆ ಹೊರುವಳು. ಕೇಳಿದ್ದಕ್ಕೆ ಉತ್ತರ ಕೊಡುವಳು. ನಗು ಎಲ್ಲಿ ಹೋಯಿತೋ ಅವನಿಗೆ ಗೊತ್ತಾಗಲಿಲ್ಲ, ಕೆಲವು ವರ್ಷಗಳಾದ ಮೇಲೆ ಹುಡುಕುವುದನ್ನೂ ಬಿಟ್ಟ.

ಮಗಳು ಪುಟ್ಟಗೌರಮ್ಮನನ್ನು ಹನೂರಿನಾಚೆ ಬಂಡಳ್ಳಿಗೆ ಕೊಟ್ಟಿದ್ದರು. ಅವಳು ಅರವತ್ತೆಂಟರಲ್ಲಿ ಹೆತ್ತಾಗ ತಾಯಿ ಬಾಣಂತನಕ್ಕೆ ಹೋದಳು, ಮಗುವನ್ನು ಮಾತ್ರ ಮುಟ್ಟಲಿಲ್ಲ. ನೀರು ಕಾಯಿಸಿ ಕೊಟ್ಟು ಹೊರಗೆ ನಿಲ್ಲುವಳು. "ಬೇರೆ ಯಾರಾರ ಎರೀಲಿ ಕಣವ್ವ, ನನ್ ಕೈ ಬ್ಯಾಡ," ಎನ್ನುವಳು. ಮಗಳಿಗೆ ಸಿಟ್ಟು ಬಂದು ಹತ್ತು ದಿನಕ್ಕೇ ಊರಿಗೆ ಕಳಿಸಿಬಿಟ್ಟಳು. ಮಗುವಿಗೆ ಮೂರು ವರ್ಷ ತುಂಬಿದರೂ ಅಜ್ಜಿ ಅದನ್ನು ಒಮ್ಮೆಯೂ ಎತ್ತಿರಲಿಲ್ಲ.

ಇದರಲ್ಲಿ ಚಿಕ್ಕಮಾದಪ್ಪನ ಪಾಲೂ ಒಂದಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಆ ಹುಳು ಸತ್ತ ವರ್ಷದಿಂದ ಗಾರೆಯ ಬೆಲ್ಲದ ನೀರನ್ನು ಅವನೇ ಕಲಸಿಕೊಳ್ಳತೊಡಗಿದ್ದ. ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅವಳು ಮಡಕೆ ತೆಗೆದುಕೊಳ್ಳುವ ಮೊದಲೇ ತಾನು ತೆಗೆದುಕೊಂಡಿದ್ದ. ಅವಳು ನೋಡಿ ಒಳಗೆ ಹೋಗಿದ್ದಳು.

ಎಪ್ಪತ್ತೊಂದರ ಹಿಂಗಾರಿನ ಕೊನೆಗೆ ಅಗರದಿಂದ ಕರೆ ಬಂತು. ಕೆಂಪನಂಜಪ್ಪನವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮನೆ ಮಗ ಸದಾಶಿವಪ್ಪನ ಕೈಯಲ್ಲಿತ್ತು. ಅವನು ಸರ್ಕಾರದವರು ಕೊಡುವ ಹೊಸ ತಳಿಯ ಮೊಟ್ಟೆ ತರಿಸುವುದಕ್ಕಿದ್ದ. ಹಿತ್ತಿಲಿನ ಕೊಟ್ಟಿಗೆ ಸಾಲದೆಂದು ಹಳೇ ಹುಳುಮನೆಯ ಬೀಗ ತೆಗೆಸಿ ನೋಡಿದರೆ ಅಟ್ಟದ ಮಣ್ಣು ಒಂದು ಮೊರದಷ್ಟು ಕಳಚಿ ಬಿದ್ದಿತ್ತು. ಹುಳು ಇಲ್ಲದ ಕೋಣೆ, ಪಾತ್ರೆ ಇಲ್ಲದ ಕೋಣೆ. ಆದ್ದರಿಂದ ಆ ದಿನ ಪುಟ್ಟಮಲ್ಲಮ್ಮನವರು, "ಒಳ್ಗೇ ಬಂದು ನೋಡಪ್ಪ," ಎಂದರು. ಹತ್ತು ವರ್ಷದಲ್ಲಿ ಮೊದಲನೆಯ ಸಲ ಅವನು ತನ್ನ ಕೆಲಸವನ್ನು ಕೆಳಗಿನಿಂದ ನೋಡಿದ.

ಆದರೆ ಒಳಗೆ ಹೋಗುವ ಮೊದಲು ಮೇಲೆ ಹತ್ತಿದ. ಹೊಗೆಗೂಡಿನ ಬೆನ್ನಿನ ಕಡೆ ಗಾರೆ ನೋಡುವುದಕ್ಕೆ ಗಟ್ಟಿಯಾಗಿಯೇ ಇತ್ತು. ಕರಣೆಯ ತುದಿ ಇಟ್ಟು ಒತ್ತಿದರೆ ಇಟ್ಟಿಗೆಗೂ ಗಾರೆಗೂ ನಡುವೆ ಉಗುರು ಹೋಗುವಷ್ಟು ಸಂದಿ. ಕಲ್ಲಾಗಿತ್ತು, ಅದೇ ತಪ್ಪಾಗಿತ್ತು. ಕೆಳಗೆ ಒಲೆ ಉರಿದಂತೆ ಇಟ್ಟಿಗೆ ಕಾದು ಹಿಗ್ಗುತ್ತದೆ, ಹೆಂಚು ತಣ್ಣಗೆ ಕೂತಿರುತ್ತದೆ. ನಡುವೆ ಸಿಕ್ಕಿಕೊಂಡ ಗಾರೆ ಬಿಡದೆ ಏನು ಮಾಡೀತು? ಚೆಂಬಿನಿಂದ ನೀರು ಹುಯ್ದು, "ಬಿತ್ತಾ ಅವ್ವಾರೇ?" ಎಂದ. ಅಡುಗೆಮನೆಯಿಂದ, "ಇಲ್ಲ ಕಣಪ್ಪ," ಎಂದೇ ಬಂತು. ಇಳಿದು ಹಳೇ ಹುಳುಮನೆಯೊಳಗಿನಿಂದ ಅಟ್ಟಕ್ಕೆ ಹತ್ತಿ ಕೈಯಾಡಿಸಿದರೆ ತೊಲೆಯ ಅಡಿ ಒದ್ದೆ. ನೀರು ಅಡುಗೆಮನೆಯಲ್ಲಿ ಒಂದು ತೊಟ್ಟೂ ಬೀಳದೆ, ತೊಲೆ ಹಿಡಿದು, ಗೋಡೆ ದಾಟಿ, ಅಟ್ಟದ ಮಣ್ಣಿಗೆ ಇಂಗುತ್ತಿತ್ತು. ಅವನು ಆವತ್ತು ಕೇಳಬೇಕಾಗಿದ್ದುದು ಈ ಕೋಣೆಯನ್ನು. ಕೇಳಿದ್ದು ಪಕ್ಕದ ಕೋಣೆಯನ್ನು.

ಎಷ್ಟು ದಿನದಿಂದ ಎಂಬುದೊಂದೇ ಉಳಿದಿತ್ತು. ಅಟ್ಟದ ಕೆಳಗೆ ಗೋಡೆಯ ಮೇಲೆ ಕಂದು ಬಣ್ಣದ ಕಲೆ ಒಂದಾಳುದ್ದ ಇಳಿದಿತ್ತು. ಮೇಲಿನ ಸುಣ್ಣ ಪದರ ಬಿಟ್ಟಿತ್ತು. ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿದ. ಸುಣ್ಣದ ಅಡಿಯಲ್ಲೂ ಅದೇ ಕಂದು ಕಲೆ, ಅದೇ ದಾರಿಯಲ್ಲಿ. ಮೇಲಿನ ಸುಣ್ಣ ಬೆಳ್ಳಗೇ ಇದ್ದ ಕಡೆ ಇನ್ನೊಂದು ಚಕ್ಕೆ ಎಬ್ಬಿಸಿದ. ಅಲ್ಲೂ ಇತ್ತು. ಆ ಸುಣ್ಣ ಯಾವಾಗ ಬಳಿದದ್ದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅವನ ಮನೆಯಿಂದಲೇ ಹೋದ ಸುಣ್ಣ. ಹುಳು ಸತ್ತ ಮರುವಾರ ಬಳಿದದ್ದು. ಕಲೆ ಅದಕ್ಕೂ ಮೊದಲಿನದು. ತಟ್ಟೆಗಳ ನೆತ್ತಿಯ ಮೇಲೆಯೇ ಒದ್ದೆ ಮಣ್ಣು ತಿಂಗಳುಗಟ್ಟಲೆ ಕೂತಿತ್ತು. ಸುಣ್ಣಕಟ್ಟು ತೇವಕ್ಕೆ ಬರುವ ರೋಗವೆಂದು ಈಚೆಗೆ ರೇಷ್ಮೆ ಇಲಾಖೆಯವರು ಊರೂರಿನಲ್ಲಿ ಹೇಳಿಕೊಂಡು ಬಂದಿದ್ದರು.

ಅವನಿಗೆ ಎದೆ ಒಡೆದುಹೋಗಬೇಕಿತ್ತು, ಒಡೆಯಲಿಲ್ಲ. ಚಳಿಯಲ್ಲಿ ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಚಕ್ಕೆಯನ್ನು ನೆಲಕ್ಕೆ ಹಾಕಿ ಕೈ ಒರೆಸಿಕೊಂಡ.

ಪುಟ್ಟಮಲ್ಲಮ್ಮನವರು ಬಾಗಿಲಿನಲ್ಲಿ ನಿಂತಿದ್ದರು. ವಯಸ್ಸಾಗಿ ಬೆನ್ನು ಬಾಗಿತ್ತು. "ಯಾವ್ ಕಾಲದಿಂದ ಸೋರ್ತಾ ಅದೆ ಮಾದಪ್ಪ? ಆ ವರ್ಸ ಉಳ ಸತ್ತೋದಾಗ್ಲೂ ಸೋರ್ತಿತ್ತಾ? ಅಂಗಿದ್ರೆ ನಿಜ ಏಳು. ನನ್ ಮನ್ಸಲ್ಲಿ ಅದು ಕೂತದೆ. ಅಂಗೇನಾರ ಇದ್ರೆ ನಾಡಿದ್ದಿನ ಚಾಕಿಗೆ ನಿನ್ ಎಂಡ್ತೀನೆ ಕರುಸ್ತೀನಿ, ನಾಲ್ಕ್ ಜನದ ಮುಂದೆ."

ಅವನು ನೆಲದ ಮೇಲಿನ ಚಕ್ಕೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. "ಗಾರೆ ಪೂರ್ತಿ ಕಿತ್ ನೋಡ್ಬೇಕು ಅವ್ವಾರೆ. ನಾಳೆ ತಗಡು ತಕಂಡ್ ಬತ್ತೀನಿ. ನಾಳೆ ಏಳ್ತೀನಿ," ಎಂದ.

ಆ ಸಂಜೆ ದೊಡ್ಡಮಾದಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಎದುರಿಗೆ ಕೂತು, ಒಂದನ್ನೂ ಬಿಡದೆ ಹೇಳಿದ. ತಗಡು ಬೇಡವೆಂದದ್ದು, ಪಕ್ಕದ ಕೋಣೆಯಲ್ಲಿ ಕೇಳದೆ ಹೋದದ್ದು, ಸುಣ್ಣದ ಅಡಿಯ ಕಲೆ, ಪುಟ್ಟಮಲ್ಲಮ್ಮನವರ ಮಾತು. "ನಿನ್ ಕೈ ಕೆಟ್ಟಿರ್ಲಿಲ್ಲ ಕಣೆ. ಕೆಟ್ಟಿದ್ದು ನನ್ ಕೆಲ್ಸ," ಎಂದ.

ಅವಳು ಬೈಯುತ್ತಾಳೆ ಎಂದು ಕಾದ. ಬೈದರೆ ಒಳ್ಳೆಯದಿತ್ತು. ಅವಳು ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದಳು, ಇನ್ನೊಂದನ್ನು ತೆಗೆದುಕೊಂಡಳು.

"ಆವತ್ತು ಏಳಿದ್ರೆ ಒಂದ್ಸಲ ಅತ್ತು ಮುಗುಸ್ಬುಡ್ತಿದ್ದೆ," ಎಂದಳು.

"ಆವತ್ತು ನಂಗೇ ಗೊತ್ತಿರ್ಲಿಲ್ವಲ್ಲ."

"ಗೊತ್ತಾಗಿದ್ರೆ ಏಳ್ತಿದ್ಯಾ?"

ಅವನು ಸಿಪ್ಪೆಯೊಂದನ್ನು ಎತ್ತಿ ಎರಡಾಗಿ ಸೀಳಿದ.

"ನಾಳೆ ಏಳ್ತೀನಿ, ಅವ್ರ ಮನೆ ಬಾಗ್ಲಲ್ಲೇ ನಿಂತ್ಕಂಡು. ನಿನ್ನ ಕರುಸ್ತಾರೆ."

"ಕರುಸ್ತಾರೆ. ನಾ ಓಯ್ತೀನಿ, ಕಟ್ತೀನಿ. ಅದು ಹೊಸಾ ಜಾತಿ ಉಳ, ಉಳೀತದೋ ಸಾಯ್ತದೋ ಯಾರ್ ಕಂಡವ್ರೆ? ಸತ್ರೆ?" ಸಿಪ್ಪೆಯನ್ನು ಒಂದು ಕಡೆಗೆ ಒತ್ತಿದಳು. "ಆಗ ನಂದೂ ಕೆಟ್ಟದು, ನಿಂದೂ ಕೆಟ್ಟದು. ನಿನ್ ಗಾರೆ ಉಳ ತಿಂತು ಅಂದ್ರೆ ಯಾರ್ ಮನೆ ಮ್ಯಾಲೆ ಅತ್ತಿಸ್ಕಂಡಾರು? ನಂಗೆ ಅಭ್ಯಾಸ ಆಗದೆ ಬುಡು. ಒಂದ್ ಮನೇಗೆ ಒಂದ್ ಕೆಟ್ಟ ಕೈ ಸಾಕು."

"ಬಂಡಳ್ಳಿ ಮಗೀನಾರ ಎತ್ಕಳೆ," ಎಂದ. ಆ ದಿನ ಅವನಿಗೆ ಏನಾದರೂ ತಟ್ಟಿದ್ದು ಅದೊಂದೇ ಕ್ಷಣ.

"ಎತ್ಕಂಡ್ ಮಾರ್ನೇ ದಿನ ಮಗೀಗೆ ಜ್ವರ ಬಂದ್ರೆ, ಅವ್ಳ ಅತ್ತೇಗೆ ನಾನು ಹೊಗೆಗೂಡಿನ ಕತೆ ಏಳ್ಕಂಡ್ ಕೂರ್ಲಾ?" ಎಂದು ಅವಳು ಎದ್ದು ಕಾಳನ್ನು ಒಳಗೆ ತೆಗೆದುಕೊಂಡು ಹೋದಳು.

ಜಗುಲಿಯಲ್ಲಿ ಕೂತ ಚಿಕ್ಕಮಾದಪ್ಪನಿಗೆ ಹಗುರವಾಯಿತು. ಸುಳ್ಳಲ್ಲ, ನಿಜವಾಗಿಯೂ ಹಗುರವಾಯಿತು. ನಾಳೆ ಹೇಳಬೇಕಾಗಿಲ್ಲ, ಇಪ್ಪತ್ತು ಮನೆಗಳ ಛಾವಣಿ ಕೈತಪ್ಪುವುದಿಲ್ಲ. ಹೀಗೆ ಅನ್ನಿಸಿತಲ್ಲ ಎಂದು ನಾಚಿಕೆಯೂ ಆಯಿತು, ಆದರೆ ನಾಚಿಕೆ ಹಗುರವನ್ನು ಓಡಿಸಲಿಲ್ಲ. ಎರಡೂ ಅಕ್ಕಪಕ್ಕ ಕೂತಿದ್ದವು.

ಮರುದಿನ ತಗಡು ಹೊತ್ತುಕೊಂಡು ಅಗರಕ್ಕೆ ಹೋಗಿ ಅವನು ಮಾಡಿದ ಕೆಲಸದಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ. ಹಳೇ ಗಾರೆಯನ್ನು ಉಳಿಯಿಟ್ಟು ಪೂರ್ತಿ ಎಬ್ಬಿಸಿದ. ಇಟ್ಟಿಗೆಯ ಸಾಲಿನಲ್ಲಿ ಒಂದು ಬೆರಳಗಲದ ಕೊರಕಲು ತೋಡಿದ. ಹೊಗೆಗೂಡಿನ ಬೆನ್ನಿಗೆ ನೀರು ನಿಲ್ಲದೆ ಎರಡೂ ಕಡೆಗೆ ಒಡೆದು ಹರಿಯುವಂತೆ ಚಿಕ್ಕ ದಿಣ್ಣೆ ಕಟ್ಟಿ, ಅದರ ಮೇಲೆ ತಗಡು ಬಗ್ಗಿಸಿ, ಒಂದು ಅಂಚನ್ನು ಹೆಂಚಿನಡಿಗೆ ತಳ್ಳಿ, ಇನ್ನೊಂದನ್ನು ಆ ಕೊರಕಲಿನೊಳಗೆ ಮಡಿಚಿ ಕೂರಿಸಿದ. ಗಾರೆ ತಗಡಿನ ಬಾಯಿಗೆ ಮಾತ್ರ, ತೆಳ್ಳಗೆ. ಒದ್ದೆಯಾಗಿದ್ದ ತೊಲೆಯ ತುದಿಗೆ ಬೇರೆ ಮರ ಕೊಟ್ಟ. ನೀರು ಹುಯ್ದಾಗ ಅಡುಗೆಮನೆಯಲ್ಲಿ ಒಬ್ಬರನ್ನು, ಹುಳುಮನೆಯಲ್ಲಿ ಒಬ್ಬರನ್ನು ನಿಲ್ಲಿಸಿದ. ಎರಡೂ ಕಡೆಯಿಂದ ಇಲ್ಲವೆಂದೇ ಬಂತು.

ಇಳಿಯುವಾಗ ಪುಟ್ಟಮಲ್ಲಮ್ಮನವರು ಏಣಿಯ ಬುಡದಲ್ಲಿ ಕಾದಿದ್ದರು. "ಕಿತ್ ನೋಡುದ್ಯಲ್ಲಪ್ಪ. ಏನಂತದೆ?"

"ಹೋದ್ ವರ್ಸದ ಮಳೇಲಿ ಬಿಟ್ಟಿರೋದು ಅವ್ವಾರೆ. ಅದುಕ್ ಮುಂಚೆ ಗಟ್ಟಿಯಾಗೇ ಇತ್ತು."

"ಆವಾಗ ಸೋರ್ತಿರ್ಲಿಲ್ಲ?"

"ಇಲ್ಲ ಅವ್ವಾರೆ."

ಮುದುಕಿ ಉದ್ದಕ್ಕೆ ಉಸಿರುಬಿಟ್ಟರು. ಮುಖ ಸಡಿಲಾಯಿತು. "ಅಂಗಾದ್ರೆ ಅವ್ಳ ಕೈಯೇ ಇರ್ಬೇಕು ಬುಡು. ಪಾಪ, ಸುಮ್ ಸುಮ್ನೆ ಅಂದ್ಬುಟ್ನೇನೋ ಅಂತ ಹತ್ತ್ ವರ್ಸ ಕೊರೀತಿತ್ತು ಕಣಪ್ಪ. ಈಗ ನಂಗೆ ಸಮಾಧಾನ ಆಯ್ತು."

"ಊಂ ಅವ್ವಾರೆ," ಎಂದು ಚಿಕ್ಕಮಾದಪ್ಪ ಏಣಿ ತೆಗೆದ.